ಕೀಮೋ ನಂತರ ಕೊಡುವ ವಾಂತಿ ಗುಳಿಗೆಗಳನ್ನು ವಾಂತಿ ಬಂದಾಗ ಮಾತ್ರ ಕೊಡಬೇಕೆ?

ಪ್ರಶ್ನೆ: ಮಗಳು, ಹುಮನಾಬಾದ್

ಎಲ್ಲರಿಗೂ ಶರಣು. ನಮ್ಮ ತಾಯಿಯವರಿಗೆ ಸ್ತನ ಕ್ಯಾನ್ಸರ್ ಇದೆ. ಗಡ್ಡೆ ದೊಡ್ಡದಿರುವುದರಿಂದ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುವುದೆಂದು ವೈದ್ಯರು ತೀರ್ಮಾನಿಸಿದ್ದಾರೆ. ಕಲಬುರಗಿಯಲ್ಲಿ ಮೊದಲ ಕೀಮೋ ಆಗಿದೆ, ಎರಡನೆಯದು ಮುಂದಿನ ವಾರ ಇದೆ. ಕಾರ್ಡಿನಲ್ಲಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂದು ಬರೆದಿದ್ದಾರೆ. ತಾಯಿಯವರಿಗೆ ಶುಗರ್ ಇರುವುದರಿಂದ ಮೆಟ್‌ಫಾರ್ಮಿನ್ ನಡೆದಿದೆ. ಮನಸ್ಸಿನ ಕಳವಳಕ್ಕೆಂದು ಎಸ್ಸಿಟಾಲೋಪ್ರಾಮ್ ಗುಳಿಗೆಯನ್ನೂ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ.

ಮನೆಗೆ ಕಳಿಸುವಾಗ ವಾಂತಿಗೆಂದು ನಾಲ್ಕು ಬಗೆಯ ಗುಳಿಗೆಗಳನ್ನು ಬರೆದುಕೊಟ್ಟಿದ್ದರು: ಅಪ್ರೆಪಿಟಂಟ್ ಕ್ಯಾಪ್ಸೂಲ್, ಬೆಳಿಗ್ಗೆ ಡೆಕ್ಸಾಮೆಥಾಸೋನ್, ರಾತ್ರಿ ಓಲಾಂಜಪೀನ್ ಮತ್ತು ಬೇಕೆನಿಸಿದಾಗ ಆಂಡಾನ್ಸೆಟ್ರಾನ್ 8 ಮಿಲಿಗ್ರಾಂ. ಕೀಮೋ ಆದ ದಿನ ಅವರಿಗೆ ವಾಕರಿಕೆಯೂ ಬರಲಿಲ್ಲ. ರೈಲಿನಲ್ಲಿ ಊರಿಗೆ ಬರುವಾಗಲೂ ಆರಾಮವಾಗಿ ಕುಳಿತಿದ್ದರು. ಮರುದಿನ ಒಂದು ಹೊತ್ತಿನ ಗುಳಿಗೆ ತೆಗೆದುಕೊಂಡು, "ವಾಂತಿಯೇ ಇಲ್ಲದಾಗ ಇಷ್ಟೊಂದು ಯಾಕೆ ನುಂಗಬೇಕು" ಎಂದು ಉಳಿದದ್ದನ್ನು ಬದಿಗಿಟ್ಟರು. ಮೂರನೆಯ ದಿನ ಬೆಳಗಿನಿಂದ ಹಿಡಿದ ವಾಂತಿ ಸಂಜೆಯವರೆಗೂ ಬಿಡಲಿಲ್ಲ, ಗುಟುಕು ನೀರು ಕುಡಿದರೂ ಹೊರಗೆ ಬರುತ್ತಿತ್ತು. ಆಗ ನಮ್ಮ ತಮ್ಮ ಔಷಧ ಅಂಗಡಿಯಿಂದ ಬೇರೊಂದು ವಾಂತಿ ಗುಳಿಗೆ ತಂದ. ಸ್ಟ್ರಿಪ್ ಮೇಲೆ ಮೆಟೊಕ್ಲೊಪ್ರಮೈಡ್ ಎಂದಿದೆ. ಅದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ದವಾಖಾನೆಗೆ ಕರೆದೊಯ್ದು ಸಲೈನ್ ಹಾಕಿಸಿದೆವು.

ನನ್ನ ಪ್ರಶ್ನೆ ಇಷ್ಟು. ಈ ಗುಳಿಗೆಗಳನ್ನು ವಾಂತಿ ಬಂದಾಗ ಕೊಟ್ಟರೆ ಸಾಕೋ, ಬರುವ ಮೊದಲೇ ಕೊಡಬೇಕೋ? ಅವುಗಳನ್ನು ತೆಗೆದುಕೊಂಡ ದಿನ ಮೀಟರಿನಲ್ಲಿ ಶುಗರ್ 290 ತೋರಿಸಿತು, ಮಲಬದ್ಧತೆ ಬೇರೆ ಆಗಿದೆ. ಇದು ಕೀಮೋದಿಂದ ಆದದ್ದೋ ಗುಳಿಗೆಯಿಂದ ಆದದ್ದೋ? ತಮ್ಮ ತಂದ ಗುಳಿಗೆಯನ್ನು ತುರ್ತಿಗೆಂದು ಮನೆಯಲ್ಲಿ ಇಟ್ಟುಕೊಳ್ಳಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕೀಮೋ ವಾರ್ಡಿನ ಸಿಸ್ಟರ್, ಕಲಬುರಗಿ

ತಂಗಿ, ನಿಮ್ಮ ತಾಯಿಯವರು ಕೇಳಿದ ಮಾತನ್ನು ನಮ್ಮ ವಾರ್ಡಿನಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯವರೂ ಕೇಳುತ್ತಾರೆ. ಜ್ವರ ಇಳಿದ ಮೇಲೆ ಜ್ವರದ ಗುಳಿಗೆ ನಿಲ್ಲಿಸಿ ರೂಢಿಯಾದವರಿಗೆ ಹಾಗೆ ಅನಿಸುವುದು ಸಹಜ. ಆದರೆ ಕೀಮೋ ವಾಂತಿಯ ಲೆಕ್ಕ ಬೇರೆ.

ಕೀಮೋ ಔಷಧ ರಕ್ತಕ್ಕೆ ಸೇರಿದ ಕೆಲವೇ ಗಂಟೆಗಳಲ್ಲಿ ಕರುಳಿನ ಒಳಪದರದ ಕೆಲವು ಜೀವಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ಅದು ನರದ ಮೂಲಕ ಮೆದುಳಿಗೆ ಸೂಚನೆ ಕಳಿಸಿ ವಾಂತಿ ಬರಿಸುತ್ತದೆ. ಮೊದಲ 24 ಗಂಟೆಗಳ ವಾಂತಿಗೆ ಮುಖ್ಯ ಕಾರಣ ಇದೇ. ಅದಾದ ಮೇಲೆ ಎರಡನೆಯ ದಿನದಿಂದ ಐದನೆಯ ದಿನದವರೆಗೆ ಬರುವ ವಾಂತಿಯಲ್ಲಿ 'ಸಬ್‌ಸ್ಟನ್ಸ್ ಪಿ' ಎಂಬ ಇನ್ನೊಂದು ವಸ್ತುವಿನ ಪಾತ್ರ ದೊಡ್ಡದು. ನಿಮ್ಮ ತಾಯಿಯವರಿಗೆ ಮೊದಲ ದಿನ ಏನೂ ಆಗದಿರಲು ಕೀಮೋ ಹಚ್ಚುವ ಮುನ್ನ ಕೊಟ್ಟ ಇಂಜೆಕ್ಷನ್ ಮತ್ತು ಗುಳಿಗೆಗಳೇ ಕಾರಣ. ಮೂರನೆಯ ದಿನ ಆದದ್ದು ಎರಡನೆಯ ಬಗೆಯ ವಾಂತಿ, ಮತ್ತು ಬದಿಗಿಟ್ಟ ಗುಳಿಗೆಗಳು ಅದನ್ನು ತಡೆಯುವುದಕ್ಕೆಂದೇ ಇದ್ದವು. ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಜೋಡಿಯನ್ನು ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧದ ಜೊತೆಗೆ ಅತಿ ಹೆಚ್ಚು ವಾಂತಿ ತರುವ ಗುಂಪಿನಲ್ಲಿ ಇರಿಸಿದ್ದಾರೆ. ತಡೆಯುವ ಔಷಧವಿಲ್ಲದೆ ಆ ಗುಂಪಿನ ಕೀಮೋ ಪಡೆದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ವಾಂತಿಯಾಗುತ್ತದೆ. ಒಮ್ಮೆ ಹಿಡಿದ ವಾಂತಿಯನ್ನು ನಿಲ್ಲಿಸುವುದಕ್ಕಿಂತ ಬರದಂತೆ ತಡೆಯುವುದು ಬಹಳ ಸುಲಭ. ಆದ್ದರಿಂದ ಚೀಟಿಯಲ್ಲಿ ಹೊತ್ತು ಮತ್ತು ದಿನ ಬರೆದಿರುವ ಗುಳಿಗೆಗಳನ್ನು, ರೋಗಿ ಎಷ್ಟೇ ಆರಾಮವಾಗಿದ್ದರೂ, ಬರೆದಷ್ಟು ದಿನ ಹೊತ್ತಿಗೆ ಸರಿಯಾಗಿ ಕೊಡಿ. 'ಬೇಕಾದಾಗ' ಎಂದು ಬರೆದಿರುವುದು ಆಂಡಾನ್ಸೆಟ್ರಾನ್ ಒಂದಕ್ಕೆ ಮಾತ್ರ. ಅದನ್ನೂ ವಾಂತಿಯಾಗುವವರೆಗೆ ಕಾಯದೆ, ಹೊಟ್ಟೆ ತೊಳಸಲು ಆರಂಭಿಸಿದಾಗಲೇ ಕೊಡಬೇಕು.

ಶುಗರ್ ಏರಿದ್ದು ಬಹುಮಟ್ಟಿಗೆ ಡೆಕ್ಸಾಮೆಥಾಸೋನ್‌ನಿಂದ. ಅದು ಸ್ಟಿರಾಯ್ಡ್, ವಾಂತಿ ತಡೆಯುವುದರಲ್ಲಿ ಬಹಳ ಗಟ್ಟಿಯಾದ ಔಷಧ, ಆದರೆ ಸಕ್ಕರೆ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಬರಿಹೊಟ್ಟೆಗೆ ಉರಿ ತರುತ್ತದೆ. ಆದ್ದರಿಂದ ಅದನ್ನು ಬೆಳಿಗ್ಗೆ, ಊಟವಾದ ಮೇಲೆ ಕೊಡುತ್ತಾರೆ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಆ ದಿನಗಳಲ್ಲಿ ಮೀಟರಿನ ಅಂಕಿಗಳನ್ನು ಹೊತ್ತು ಹಾಕಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಈ ಜೋಡಿ ಔಷಧಕ್ಕೆ ಸ್ಟಿರಾಯ್ಡನ್ನು ಮೊದಲ ದಿನಕ್ಕೆ ಮಾತ್ರ ಸೀಮಿತಗೊಳಿಸುವ ಕ್ರಮವೂ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿದೆ. ಶುಗರ್ ಇರುವವರಿಗೆ ಅದು ಹೊಂದುತ್ತದೆಯೇ ಎಂದು ಅವರನ್ನೇ ಕೇಳಬಹುದು.

ಓಲಾಂಜಪೀನ್ ಬಗ್ಗೆ ನನ್ನ ಒಂದು ಕಾಳಜಿಯನ್ನು ಹೇಳಲೇಬೇಕು. ಅದು ಮಾನಸಿಕ ಕಾಯಿಲೆಯ ಗುಳಿಗೆ ಎಂದು ಯಾರೋ ಹೇಳಿದ್ದನ್ನು ಕೇಳಿ ಎಷ್ಟೋ ಮನೆಗಳಲ್ಲಿ ಅದನ್ನೇ ಮೊದಲು ಬಿಡಿಸುತ್ತಾರೆ. ತಡವಾಗಿ ಬರುವ ವಾಕರಿಕೆಗೆ ಅದರಷ್ಟು ಉಪಯುಕ್ತವಾದುದು ಕಡಿಮೆ. ಅದರ ತೊಂದರೆ ಎಂದರೆ ಮಂಪರು, ಜೊತೆಗೆ ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದು. ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆಯ ಮೇಲೆ ಮಲಗುವ ರೂಢಿ ಇದೆ. ಈ ಗುಳಿಗೆ ನಡೆದಿರುವ ರಾತ್ರಿಗಳಲ್ಲಿ ತಾಯಿಯವರನ್ನು ಕೆಳಗೇ, ಬಚ್ಚಲಿಗೆ ಹತ್ತಿರವಾಗಿ ಮಲಗಿಸಿ, ರಾತ್ರಿ ಎದ್ದರೆ ಯಾರಾದರೂ ಕೈಹಿಡಿದು ನಡೆಸಿ. ದೇಹ ತನ್ನ ಶಾಖವನ್ನು ಹತೋಟಿಯಲ್ಲಿಡುವ ಶಕ್ತಿಯನ್ನೂ ಅದು ಸ್ವಲ್ಪ ಕುಗ್ಗಿಸುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಈ ಭಾಗದಲ್ಲಿ ಅದನ್ನು ಹಗುರವಾಗಿ ಎಣಿಸುವಂತಿಲ್ಲ. ಮಧ್ಯಾಹ್ನ ಹೊರಗೆ ಓಡಾಡಿಸಬೇಡಿ. ಮಂಪರು ತೀರಾ ಹೆಚ್ಚಾದರೆ ಪ್ರಮಾಣ ಇಳಿಸುವ ದಾರಿ ಇದೆ. ಮುಂಬಯಿಯ ಟಾಟಾ ಮೆಮೋರಿಯಲ್ ಕೇಂದ್ರದವರು 2.5 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ಪ್ರಮಾಣಗಳನ್ನು ಹೋಲಿಸಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ವಾಂತಿ ತಡೆಯುವುದರಲ್ಲಿ ಚಿಕ್ಕ ಪ್ರಮಾಣ ಹಿಂದೆ ಬೀಳಲಿಲ್ಲ, ಹಗಲಿನ ಮಂಪರು ಮಾತ್ರ ಬಹಳ ಕಡಿಮೆಯಾಗಿತ್ತು.

ಉತ್ತರ: ಫಾರ್ಮಸಿಸ್ಟ್, ಯಾದಗಿರಿ

ಅಕ್ಕನವರೇ, ಸಿಸ್ಟರ್ ಅವರು ಹೇಳಿದ್ದಕ್ಕೆ ಔಷಧ ಅಂಗಡಿಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನಿಮ್ಮ ತಮ್ಮನವರು ತಂದ ಗುಳಿಗೆಯನ್ನು ಕೊಡದೆ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಮೆಟೊಕ್ಲೊಪ್ರಮೈಡ್ ಸ್ವತಃ ಕೆಟ್ಟ ಔಷಧವೇನಲ್ಲ. ಆದರೆ ಅದೂ ಓಲಾಂಜಪೀನ್‌ನಂತೆಯೇ ಮೆದುಳಿನಲ್ಲಿ ಡೋಪಮಿನ್‌ ಎಂಬ ರಾಸಾಯನಿಕಕ್ಕೆ ತಡೆ ಒಡ್ಡುವ ಔಷಧ. ಎರಡೂ ಒಟ್ಟಿಗೆ ಸೇರಿದರೆ ಕೆಲವರಿಗೆ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ ನಿಲ್ಲುತ್ತದೆ. ನೋಡಿದವರು ಫಿಟ್ಸ್ ಬಂತೆಂದೋ ಗಾಳಿ ಸೋಕಿತೆಂದೋ ಗಾಬರಿಯಾಗುತ್ತಾರೆ. ಅದು ಔಷಧದ ಅಡ್ಡಪರಿಣಾಮ. ದವಾಖಾನೆಯಲ್ಲಿ ಒಂದು ಇಂಜೆಕ್ಷನ್‌ನಿಂದ ಇಳಿಯುತ್ತದೆ, ಆದರೆ ಯಾವ ಗುಳಿಗೆ ನುಂಗಿದ್ದರೆಂದು ಅಲ್ಲಿ ಕೂಡಲೇ ಹೇಳಬೇಕು. ಮಕ್ಕಳಲ್ಲಿ ಮತ್ತು ಎಳೆಯ ವಯಸ್ಸಿನವರಲ್ಲಿ ಇದು ಹೆಚ್ಚು ಕಾಣುತ್ತದೆ. ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಈ ಗುಳಿಗೆಯನ್ನು ಕೊಡಲೇಬಾರದು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿಯೇ ಇದನ್ನು ಹೆಚ್ಚೆಂದರೆ ಐದು ದಿನ, ದಿನಕ್ಕೆ 30 ಮಿಲಿಗ್ರಾಂ ಮೀರದಂತೆ ಬಳಸಬೇಕೆಂದು ಮಿತಿ ಹಾಕಿದೆ. ತಿಂಗಳುಗಟ್ಟಲೆ ನುಂಗಿದವರಲ್ಲಿ ತುಟಿ, ನಾಲಿಗೆ ತಾನಾಗಿಯೇ ಆಡುವ ತೊಂದರೆ ಶಾಶ್ವತವಾಗಿ ಉಳಿದುಬಿಡಬಹುದು.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಮನೆಯಲ್ಲಿ 'ಗ್ಯಾಸಿನ ಗುಳಿಗೆ' ಎಂದು ನಡೆಯುವ ಕ್ಯಾಪ್ಸೂಲಿನ ಹೆಸರಿನ ಕೊನೆಯಲ್ಲಿ 'ಡಿ' ಅಥವಾ 'ಡಿಎಸ್‌ಆರ್' ಎಂದಿದೆಯೇ ನೋಡಿ. ಇದ್ದರೆ ಅದರೊಳಗೆ ಡೊಂಪೆರಿಡೋನ್ ಎಂಬ ವಾಂತಿ ಔಷಧವೂ ಇರುತ್ತದೆ. ನಮ್ಮ ಕಡೆ ಇದನ್ನು ಚೀಟಿ ಇಲ್ಲದೆಯೂ ಕೇಳಿ ಒಯ್ಯುತ್ತಾರೆ, ವರ್ಷಗಟ್ಟಲೆ ನುಂಗುತ್ತಾರೆ. ಡೊಂಪೆರಿಡೋನ್, ಆಂಡಾನ್ಸೆಟ್ರಾನ್, ಎಸ್ಸಿಟಾಲೋಪ್ರಾಮ್ ಮೂರಕ್ಕೂ ಹೃದಯದ ಬಡಿತದ ಲಯ ತಪ್ಪಿಸುವ ಒಂದು ಗುಣ ಇದೆ. ಇಸಿಜಿಯಲ್ಲಿ 'ಕ್ಯೂಟಿ' ಎಂಬ ಅಂತರ ಉದ್ದವಾಗುತ್ತದೆ, ತೀರಾ ಉದ್ದವಾದರೆ ಅಪಾಯಕಾರಿ ಬಡಿತ ಶುರುವಾಗಬಹುದು. ಆರೋಗ್ಯವಂತರಲ್ಲಿ ಒಂದೊಂದಾಗಿ ಇದು ಬಹಳ ಅಪರೂಪ. ಆದರೆ ವಾಂತಿ ಭೇದಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿರುವ ರೋಗಿಯಲ್ಲಿ, ಮೂರೂ ಔಷಧ ಒಟ್ಟಿಗೆ ಸೇರಿದಾಗ, ಅದರ ಮೇಲೆ ಕೆಮ್ಮಿಗೆಂದು ಅಜಿತ್ರೊಮೈಸಿನ್ ಅಥವಾ ಬಾಯಿಹುಣ್ಣಿನ ಬಿಳಿಪದರಕ್ಕೆಂದು ಫ್ಲುಕೊನಜೋಲ್ ಬಂದು ಕೂಡಿದಾಗ ಅಪಾಯ ಒಂದರ ಮೇಲೊಂದು ಏರುತ್ತದೆ. ಆಂಡಾನ್ಸೆಟ್ರಾನ್‌ಅನ್ನು ಒಂದೇ ಸಲಕ್ಕೆ 32 ಮಿಲಿಗ್ರಾಂ ರಕ್ತನಾಳಕ್ಕೆ ಕೊಡುವ ಪದ್ಧತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಕೈಬಿಡಿಸಿದ್ದು ಇದೇ ಕಾರಣಕ್ಕೆ. ಈಗ ರಕ್ತನಾಳಕ್ಕೆ ಒಂದು ಸಲಕ್ಕೆ 16 ಮಿಲಿಗ್ರಾಂ ಮೀರುವಂತಿಲ್ಲ. ನಿಮ್ಮ ತಾಯಿಯವರು ಎಸ್ಸಿಟಾಲೋಪ್ರಾಮ್‌ಅನ್ನು ಥಟ್ಟನೆ ನಿಲ್ಲಿಸಬಾರದು, ಆಂಡಾನ್ಸೆಟ್ರಾನ್‌ಗೆ ಹೆದರಬೇಕಾಗಿಯೂ ಇಲ್ಲ. ಎರಡೂ ನಡೆದಿವೆ ಎಂದು ಕ್ಯಾನ್ಸರ್ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಒಂದು ಇಸಿಜಿ ಮತ್ತು ರಕ್ತದಲ್ಲಿ ಪೊಟ್ಯಾಸಿಯಂ ನೋಡಿದರೆ ದಾರಿ ಸ್ಪಷ್ಟವಾಗುತ್ತದೆ.

ಮಲಬದ್ಧತೆ ಆಂಡಾನ್ಸೆಟ್ರಾನ್ ಗುಂಪಿನ ಸಾಮಾನ್ಯ ತೊಂದರೆ. ಕೀಮೋಗೆ ಮುನ್ನ ಪ್ಯಾಲೊನೊಸೆಟ್ರಾನ್ ಇಂಜೆಕ್ಷನ್ ಕೊಟ್ಟಿದ್ದರೋ ಏನೋ ಕಾರ್ಡಿನಲ್ಲಿ ನೋಡಿ. ಅದೂ ಇದೇ ಗುಂಪಿನದು, ದೇಹದಲ್ಲಿ ಅರ್ಧದಷ್ಟು ಇಳಿಯಲು ಸುಮಾರು 40 ಗಂಟೆ ಬೇಕು. ಅದು ಕೆಲಸ ಮಾಡುತ್ತಿರುವಾಗಲೇ ಮೇಲಿಂದ ಆಂಡಾನ್ಸೆಟ್ರಾನ್ ಕೊಟ್ಟರೆ ವಾಂತಿಗೆ ಆಗುವ ಲಾಭಕ್ಕಿಂತ ಹೊಟ್ಟೆ ಕಟ್ಟುವುದು ಹೆಚ್ಚು. ಮಲ ಸಡಿಲಿಸುವ ಸಿರಪ್ ಬರೆಸಿಕೊಳ್ಳಿ. ಎನಿಮಾವನ್ನು ಮಾತ್ರ ಮನೆಯಲ್ಲಿ ಕೊಡಬೇಡಿ; ಕೀಮೋ ನಂತರ ಬಿಳಿರಕ್ತಕಣ ಇಳಿದಿರುವಾಗ ಗುದದ್ವಾರದಲ್ಲಿ ಆದ ಚಿಕ್ಕ ಗಾಯವೂ ಸೋಂಕಿಗೆ ದಾರಿಯಾಗುತ್ತದೆ.

ಇದೇ ಚೀಟಿ ಬೇರೆಯವರ ಮನೆಯಲ್ಲೂ ಇರಬಹುದೆಂದು ಇದನ್ನೂ ಬರೆಯುತ್ತೇನೆ: ಅಪ್ರೆಪಿಟಂಟ್ ಜೊತೆಗೆ ರಕ್ತ ತೆಳುವಾಗಿಸುವ ವಾರ್ಫರಿನ್ ನಡೆದಿದ್ದರೆ ಅದರ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು, ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನೂ ಅಪ್ರೆಪಿಟಂಟ್ ಸುಮಾರು ಒಂದು ತಿಂಗಳ ಕಾಲ ಕುಗ್ಗಿಸುತ್ತದೆ. ಯಾವುದೇ ಔಷಧದಿಂದ ವಿಪರೀತ ಪರಿಣಾಮವಾದರೆ 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯ ಕಡೆಯವರೇ ತಿಳಿಸಬಹುದು; ಅದು ಭಾರತ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ್ದು.

ಮರುಪ್ರಶ್ನೆ: ಮಗಳು, ಹುಮನಾಬಾದ್

ಇಬ್ಬರಿಗೂ ಅನಂತ ಶರಣು. ಡಬ್ಬಿ ತೆಗೆದು ನೋಡಿದೆ, ಗ್ಯಾಸಿನ ಕ್ಯಾಪ್ಸೂಲಿನ ಹೆಸರಿನ ಕೊನೆಗೆ 'ಡಿಎಸ್‌ಆರ್' ಎಂದೇ ಇದೆ. ಅದನ್ನು ಮುಂದಿನ ವಾರ ಡಾಕ್ಟರಿಗೆ ತೋರಿಸುತ್ತೇನೆ.

ಇನ್ನೆರಡು ಸಂಶಯ ಉಳಿದಿವೆ. ತಾಯಿಯವರಿಗೆ ಹಲವು ವರ್ಷಗಳ ಹಿಂದೆ ಗರ್ಭಕೋಶದ ಆಪರೇಷನ್ ಆದಾಗ ಪ್ರಜ್ಞೆ ಬಂದ ಮೇಲೆ ರಾತ್ರಿಯೆಲ್ಲಾ ವಾಂತಿಯಾಗಿತ್ತು, ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡು ಅತ್ತಿದ್ದರು. ಈಗ ಕೀಮೋ ಮುಗಿದ ಮೇಲೆ ಮತ್ತೆ ಆಪರೇಷನ್ ಇದೆ ಎಂದರೆ ಅವರಿಗೆ ಕ್ಯಾನ್ಸರಿಗಿಂತ ಆ ರಾತ್ರಿಯ ಹೆದರಿಕೆಯೇ ದೊಡ್ಡದಾಗಿದೆ. ಇದನ್ನು ಮೊದಲೇ ತಪ್ಪಿಸಲು ಸಾಧ್ಯವೇ? ಎರಡನೆಯದು, ಗುಳಿಗೆ ನುಂಗಿದ ಕೂಡಲೇ ವಾಂತಿಯಾದರೆ ಮತ್ತೊಂದು ಕೊಡಬೇಕೆ?

ಉತ್ತರ: ಅರಿವಳಿಕೆ ವೈದ್ಯ, ಬೀದರ್

ತಾಯಿಯವರ ಹೆದರಿಕೆ ಅರ್ಥವಾಗುವಂಥದ್ದು. ಅದನ್ನು ಆಪರೇಷನ್ನಿನ ಹಿಂದಿನ ದಿನ ನೋಡಲು ಬರುವ ಅರಿವಳಿಕೆ ವೈದ್ಯರ ಮುಂದೆ ಇದೇ ಮಾತಿನಲ್ಲಿ ಹೇಳಿ. ನಮಗೆ ಅದಕ್ಕಿಂತ ಉಪಯುಕ್ತವಾದ ಮಾಹಿತಿ ಬೇರೆ ಇಲ್ಲ.

ಆಪರೇಷನ್ ನಂತರದ ವಾಂತಿ ಯಾರಿಗೆ ಬರಬಹುದೆಂದು ಅಂದಾಜಿಸಲು 1999ರಿಂದ ಬಳಕೆಯಲ್ಲಿರುವ ಒಂದು ಸರಳ ಲೆಕ್ಕವಿದೆ. ಹೆಣ್ಣಾಗಿರುವುದು, ಬೀಡಿ ಸಿಗರೇಟು ಸೇದದಿರುವುದು, ಹಿಂದೆ ಆಪರೇಷನ್ ನಂತರ ವಾಂತಿಯಾಗಿರುವುದು ಅಥವಾ ಬಸ್ಸಿನಲ್ಲಿ ಕುಳಿತರೆ ವಾಂತಿ ಬರುವ ಸ್ವಭಾವ, ಆಪರೇಷನ್ ನಂತರ ಮಾರ್ಫಿನ್ ಬಗೆಯ ನೋವಿನ ಔಷಧ ಬೇಕಾಗುವುದು, ಹೀಗೆ ನಾಲ್ಕು ಅಂಶಗಳು. ಒಂದೂ ಇಲ್ಲದವರಿಗೆ ವಾಂತಿ ಅಥವಾ ವಾಕರಿಕೆಯ ಸಂಭವ ನೂರಕ್ಕೆ ಹತ್ತರಷ್ಟು. ನಾಲ್ಕೂ ಇರುವವರಿಗೆ ಎಂಬತ್ತರ ಹತ್ತಿರ. ನಿಮ್ಮ ತಾಯಿಯವರಲ್ಲಿ ಮೂರು ಅಂಶ ಮೊದಲೇ ಇರುವಂತೆ ಕಾಣುತ್ತದೆ. ಇಂಥವರಿಗೆ ಒಂದೇ ಔಷಧವನ್ನು ನೆಚ್ಚದೆ ಬೇರೆ ಬೇರೆ ಗುಂಪಿನ ಎರಡು ಮೂರು ಔಷಧಗಳನ್ನು ಆಪರೇಷನ್ ನಡೆದಿರುವಾಗಲೇ ಕೊಡುತ್ತೇವೆ: ಅರಿವಳಿಕೆ ಆರಂಭಿಸುವಾಗ ಡೆಕ್ಸಾಮೆಥಾಸೋನ್, ಮುಗಿಯುವ ಹೊತ್ತಿಗೆ ಆಂಡಾನ್ಸೆಟ್ರಾನ್ 4 ಮಿಲಿಗ್ರಾಂ, ಹೀಗೆ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲದ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಕೊಡುವುದು, ಎದೆಯ ಭಾಗದ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾರ್ಫಿನ್ ಬಗೆಯ ಔಷಧದ ಅಗತ್ಯವನ್ನೇ ಇಳಿಸುವುದು, ಇವೂ ಸ್ತನದ ಆಪರೇಷನ್ನಿನಲ್ಲಿ ಬಹಳ ಸಹಾಯಕ್ಕೆ ಬರುತ್ತವೆ.

ಇಷ್ಟಾದರೂ ವಾರ್ಡಿನಲ್ಲಿ ವಾಂತಿಯಾದರೆ, ಕೊಟ್ಟು ಆರು ಗಂಟೆಯೂ ಆಗದ ಔಷಧವನ್ನೇ ಮತ್ತೆ ಕೊಡುವುದರಿಂದ ಪ್ರಯೋಜನ ಕಡಿಮೆ. ಬೇರೆ ಗುಂಪಿನದನ್ನು ಆರಿಸಬೇಕು. ಹಾಗಾಗಿ ಯಾವುದನ್ನು ಎಷ್ಟು ಹೊತ್ತಿಗೆ ಕೊಟ್ಟರೆಂಬುದು ಕೇಸ್ ಪೇಪರಿನಲ್ಲಿ ಇರುವುದು ಮುಖ್ಯ. ನೋವಿಗೆ ಟ್ರಮಡಾಲ್ ಬರೆಯುವ ಸಂದರ್ಭ ಬಂದರೆ ಎಸ್ಸಿಟಾಲೋಪ್ರಾಮ್ ನಡೆದಿರುವುದನ್ನು ತಪ್ಪದೆ ತಿಳಿಸಿ. ಅವೆರಡೂ ಸೇರಿದರೆ ದೇಹದಲ್ಲಿ ಸೆರೊಟೋನಿನ್ ಅತಿಯಾಗಿ ಬೆವರು, ನಡುಕ, ಗೊಂದಲ ಕಾಣಿಸಬಹುದು; ಟ್ರಮಡಾಲ್ ತಾನೇ ವಾಂತಿಯನ್ನೂ ತರುತ್ತದೆ. ಪೂರ್ತಿ ಎಚ್ಚರವಾಗದವರು ಕಾರಿದರೆ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ ಸಿಸ್ಟರನ್ನು ಕರೆಯಿರಿ. ನೀರು ಕುಡಿಸಲು ಅವಸರ ಮಾಡಬೇಡಿ.

ಉತ್ತರ: ಮಗ, ಸೇಡಂ

ನಾನು ವೈದ್ಯಕೀಯದವನಲ್ಲ, ನಮ್ಮ ತಂದೆಯವರ ದೊಡ್ಡಕರುಳಿನ ಆಪರೇಷನ್ ಆದಾಗ ಜೊತೆಗಿದ್ದವನು. ಕೆಲವು ದಿನ ಚೆನ್ನಾಗಿದ್ದು, ಗಂಜಿ ಆರಂಭಿಸಿದ ಮೇಲೆ ಅವರಿಗೆ ಮತ್ತೆ ವಾಂತಿ ಶುರುವಾಯಿತು. ವಾರ್ಡಿನಲ್ಲಿದ್ದ ಎಲ್ಲರೂ ಅರಿವಳಿಕೆ ಇನ್ನೂ ಇಳಿದಿಲ್ಲವೆಂದರು. ಡ್ಯೂಟಿ ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿ ಗಾಳಿ ಹೋಗಿದೆಯೇ ಎಂದು ಕೇಳಿದರು. ಹೊಟ್ಟೆ ಬಿಗಿದು ಉಬ್ಬಿತ್ತು, ಗಾಳಿ ಹೋಗಿರಲಿಲ್ಲ, ವಾಂತಿ ಹಸಿರಾಗಿತ್ತು. ಅವರು ಮೆಟೊಕ್ಲೊಪ್ರಮೈಡ್ ನಿಲ್ಲಿಸಿಸಿ, ಮೂಗಿನಿಂದ ನಳಿಕೆ ಹಾಕಿಸಿ, ಎಕ್ಸ್‌ರೇ ತೆಗೆಸಿದರು; ಕರುಳು ಒಂದೆಡೆ ಕಟ್ಟಿಕೊಂಡಿತ್ತು. ಕರುಳು ಕಟ್ಟಿರುವಾಗ ಅದನ್ನು ಹಿಂಡುವಂತೆ ಮಾಡುವ ಔಷಧ ಅಪಾಯವೆಂದು ಅವರೇ ವಿವರಿಸಿದರು. ನಿಮ್ಮ ತಾಯಿಯವರಿಗೆ ಸ್ತನದ ಆಪರೇಷನ್, ಆ ಭಯ ಅಷ್ಟಿಲ್ಲ. ಆದರೆ ಹಿಂದೆ ಹೊಟ್ಟೆಯ ಆಪರೇಷನ್ ಆದವರಿಗೆ ವರ್ಷಗಳ ಮೇಲೂ ಹೀಗಾಗಬಹುದಂತೆ. ಅವರಿಗೆ ಈಗಾಗಲೇ ಮಲಬದ್ಧತೆ ಇರುವುದರಿಂದ ಇದನ್ನು ಬರೆಯಬೇಕೆನಿಸಿತು.

ಉತ್ತರ: ಕೀಮೋ ವಾರ್ಡಿನ ಸಿಸ್ಟರ್, ಕಲಬುರಗಿ

ಸೇಡಂನವರು ಬರೆದದ್ದು ಬಹಳ ಮುಖ್ಯ. ಕೀಮೋ ನಡೆದಿರುವಾಗ ಬರುವ ವಾಂತಿಯೆಲ್ಲ ಕೀಮೋದ್ದೇ ಆಗಿರಬೇಕೆಂದಿಲ್ಲ. ಕರುಳು ಕಟ್ಟಿರಬಹುದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು ಅಥವಾ ಸೋಡಿಯಂ ಇಳಿದಿರಬಹುದು, ಮೂತ್ರಪಿಂಡ ಸೋತಿರಬಹುದು, ಕಾಯಿಲೆ ಮೆದುಳಿಗೆ ಮುಟ್ಟಿರಬಹುದು. ಐದಾರು ದಿನ ಕಳೆದ ಮೇಲೆ ಹೊಸದಾಗಿ ಶುರುವಾದ ವಾಂತಿಗೆ, ತಲೆನೋವು ಅಥವಾ ಗೊಂದಲದ ಜೊತೆ ಬರುವ ವಾಂತಿಗೆ ಮನೆಯ ಗುಳಿಗೆ ಕೊಡುತ್ತಾ ಕೂಡಬೇಡಿ.

ಗುಳಿಗೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾಗಿ ಅದು ಇಡಿಯಾಗಿ ಹೊರಬಂದದ್ದು ಕಂಡರೆ ದವಾಖಾನೆಗೆ ಫೋನ್ ಮಾಡಿ, ಯಾವ ಗುಳಿಗೆ, ಎಷ್ಟು ಹೊತ್ತಿಗೆ ಎಂದು ಹೇಳಿ ಕೇಳಿ. ಕೆಲವನ್ನು ಮತ್ತೆ ಕೊಡಲು ಹೇಳುತ್ತಾರೆ. ಅದಕ್ಕಿಂತ ತಡವಾಗಿದ್ದರೆ ಔಷಧ ಬಹುತೇಕ ಒಳಗೆ ಸೇರಿರುತ್ತದೆ, ನೀವಾಗಿ ಇನ್ನೊಂದು ಕೊಟ್ಟರೆ ಪ್ರಮಾಣ ಎರಡರಷ್ಟಾದೀತು. ಆಂಡಾನ್ಸೆಟ್ರಾನ್‌ನಲ್ಲಿ ನಾಲಿಗೆಯ ಮೇಲೆಯೇ ಕರಗುವ ಗುಳಿಗೆ ಸಿಗುತ್ತದೆ, ನೀರೂ ನಿಲ್ಲದವರಿಗೆ ಅದು ಅನುಕೂಲ. ಮುಂದಿನ ಸಲ ಅದನ್ನೇ ಬರೆಸಿಕೊಳ್ಳಿ; ಒಣಗಿದ ಕೈಯಿಂದ ಬಿಡಿಸಿ ಕೊಡಿ.

ಊಟದ ಬಗ್ಗೆ ಹೆಚ್ಚು ಕಟ್ಟುನಿಟ್ಟು ಬೇಡ. ಒಗ್ಗರಣೆಯ ಘಾಟು ಅವರ ಮೂಗಿಗೆ ಬಡಿಯದಂತೆ ನೋಡಿಕೊಳ್ಳಿ, ಜೋಳದ ಗಂಜಿಯೋ ಮೆತ್ತಗಿನ ಅನ್ನವೋ ಸ್ವಲ್ಪ ಸ್ವಲ್ಪವಾಗಿ ಕೊಡಿ, ಓಆರ್‌ಎಸ್ ನೀರನ್ನು ಚಮಚದಿಂದಾದರೂ ಕುಡಿಸುತ್ತಿರಿ. ಒಂದು ಹಗಲು ಪೂರ್ತಿ ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ, ಹೊಟ್ಟೆ ಉಬ್ಬಿ ಗಾಳಿ ಹೋಗದಿದ್ದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಹತ್ತಿರದ ದವಾಖಾನೆಗೆ ಕರೆದೊಯ್ಯಿರಿ. ಅಲ್ಲಿ ಕೀಮೋ ಆದ ದಿನಾಂಕವನ್ನು ಮೊದಲು ಹೇಳಿ.

ಇನ್ನು ಮುಂದಿನ ವಾರದ್ದು. ಮೊದಲ ಸಲ ಮೂರನೆಯ ದಿನ ಆದದ್ದನ್ನು ಸಲೈನ್ ಹಚ್ಚುವ ಮುನ್ನವೇ ಹೇಳಿದರೆ ವೈದ್ಯರು ಔಷಧಗಳನ್ನು ಬದಲಿಸಿಕೊಡಲು ಸಾಧ್ಯವಾಗುತ್ತದೆ. ಎರಡು ಮೂರು ಸಲ ಹೀಗೇ ನರಳಿದವರಿಗೆ ಆಮೇಲೆ ದವಾಖಾನೆಯ ವಾಸನೆ ಬಂದರೆ ಸಾಕು, ಕೀಮೋ ಹಚ್ಚುವ ಮೊದಲೇ ವಾಂತಿ ಬರುವ ರೂಢಿ ಬೀಳುತ್ತದೆ. ಅದಕ್ಕೆ ಗುಳಿಗೆಗಳು ಅಷ್ಟಾಗಿ ನಾಟುವುದಿಲ್ಲ. ಮೀಟರಿನ ಅಂಕಿಗಳ ಚೀಟಿ, ಎಸ್ಸಿಟಾಲೋಪ್ರಾಮ್, ಗ್ಯಾಸಿನ ಕ್ಯಾಪ್ಸೂಲ್, ತಮ್ಮ ತಂದ ಸ್ಟ್ರಿಪ್ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ಯಾವುದು ಬೇಕು, ಯಾವುದು ಬೇಡ ಎಂದು ಅವರೇ ಬೇರ್ಪಡಿಸಿ ಕೊಡುತ್ತಾರೆ.